ಬಹರೈನ್ ಸುತ್ತು

ಎತ್ತರ ಐದಡಿಗೆ ಒಂದು ಬೆರಳು ಕಡಿಮೆ. ವಯಸ್ಸು ಅರ್ಜಿಯ ಪ್ರಕಾರ ಐವತ್ತೆಂಟು, ಮುಖದ ಪ್ರಕಾರ ಅರವತ್ತೆರಡು. ಕೂದಲಿಗೆ ಹಚ್ಚಿದ ಬಣ್ಣ ಬೈತಲೆಯ ಹತ್ತಿರ ಕೈಕೊಟ್ಟಿತ್ತು. ಹೂವಿನ ಪ್ರಿಂಟಿನ ಫ್ರಾಕು ಒಗೆದೂ ಒಗೆದೂ ಬಾಡಿತ್ತು, ಆದರೆ ಇಸ್ತ್ರಿ ಮಾತ್ರ ಗೆರೆ ಕೊಯ್ದ ಹಾಗೆ. ಇಂಗ್ಲಿಷು ಗಲ್ಫಿನ ಮಾಲು: ಕೆಲಸಕ್ಕೆ ಸಾಕು, ಮೆರೆಯುವುದಕ್ಕೆ ಸಾಲದು. ಚಿಕ್ಕಪೇಟೆಯಲ್ಲಿ ಮೂರು ತಲೆಮಾರು ಸೀರೆ ಮಾರಿದ ಮನೆಯ ರಾಜಗೋಪಾಲ ಮೇಜಿನಾಚೆ ಕುಳಿತ ಹೆಂಗಸನ್ನು ಹೀಗೆ ಒಂದು ಸಲ ಬಿಚ್ಚಿ ಮಡಚಿ, ಆಷಾಢದ ರಿಯಾಯಿತಿ ರಾಶಿಗೆ ಸೇರುವ ಸರಕು ಎಂದು ಮನಸ್ಸಿನಲ್ಲೇ ಚೀಟಿ ಅಂಟಿಸಿದ. ಆಮೇಲೆ ಕೈ ನೋಡಿದ. ಬೆರಳುಗಳು ಮೈಗಿಂತ ಇಪ್ಪತ್ತು ವರ್ಷ ಚಿಕ್ಕವಾಗಿದ್ದವು.

ಅರ್ಜಿಯಲ್ಲಿ ಹೆಸರು ವಯೊಲೆಟ್ ಮಸ್ಕರೇನ್ಹಸ್, ಹುಟ್ಟೂರು ಉಡುಪಿ ಹತ್ತಿರದ ಶಂಕರಪುರ, ಈಗಿನ ವಾಸ ಪರ್ತ್‌ನ ವಿಲೆಟನ್. ಹಾಗಾಗಿ ಅವನು ಕನ್ನಡಕ್ಕೇ ಇಳಿದ.

"ಗಿಫ್ಟ್ ಪ್ಯಾಕ್ ಮಾಡೋಕ್ ಬರುತ್ತಾ?"

"ಬರ್ತದೆ ಸರ್. ಪೆಟ್ಟಿಗೆ ಕೊಡಿ, ಕಾಗದ ಕೊಡಿ. ಟೇಪು ಒಂದು ತುಂಡು ಸಾಕು."

"ಒಂದೇ ತುಂಡು?"

"ಎರಡು ಬೇಕಾದ್ರೆ ಕೈ ಸರಿ ಇಲ್ಲ ಅಂತ ಅರ್ಥ."

ಪೆಟ್ಟಿಗೆಯನ್ನು ಆಕೆ ಕಾಗದದ ಮೇಲೆ ಓರೆಯಾಗಿಟ್ಟಳು. ಒಂದು ಮೂಲೆ ಎತ್ತಿದಳು, ಪೆಟ್ಟಿಗೆಯನ್ನು ಮಗುವನ್ನು ಮಗ್ಗುಲಿಗೆ ಹೊರಳಿಸಿದಂತೆ ಹೊರಳಿಸಿದಳು, ಇನ್ನೊಂದು ಮೂಲೆ ತಾನಾಗಿಯೇ ಬಂದು ಕೂತಿತು. ಹದಿನೆಂಟು ಸೆಕೆಂಡು. ರಾಜಗೋಪಾಲ ಗಡಿಯಾರದಿಂದ ಕಣ್ಣೆತ್ತಿ, ಅಂಟಿಸಿದ್ದ ಚೀಟಿಯನ್ನು ಕಿತ್ತುಹಾಕಿದ.

"ಎಲ್ಲಿ ಕಲ್ತಿದ್ದು ಇದು?"

"ನಿಮ್ಮದೇ ಅಂಗಡಿಯಲ್ಲಿ ಸರ್," ಎಂದಳು ವಯೊಲೆಟ್. "ಬಹರೈನ್‌ನಲ್ಲಿ ಇತ್ತಲ್ಲಾ, ಹನಾಗಾವಾ. ನಿಮಗೆ ಗೊತ್ತಿಲ್ವಾ?"

ಅವನಿಗೆ ಗೊತ್ತಿರಲಿಲ್ಲ. ಹನಾಗಾವಾ ಕಂಪನಿಯ ಪರ್ತ್ ಮ್ಯಾನೇಜರಾಗಿ ಅವನಿಗೆ ಆಗ ಆರು ವಾರ ತುಂಬಿತ್ತು. 2014ರ ಫೆಬ್ರವರಿ. ಸ್ಕಿಲ್ಡ್ ವೀಸಾದ ಮೇಲೆ ಸಾಫ್ಟ್‌ವೇರಿನವನಾಗಿ ಬಂದವನು ರಕ್ತ ಕೇಳದೆ ಅಂಗಡಿ ಕೆಲಸಕ್ಕೇ ವಾಪಸಾಗಿದ್ದ. ಕಂಪನಿಯ ಚರಿತ್ರೆಯನ್ನು ಅವನು ಓದಿದ್ದು ಪ್ರಧಾನ ಕಚೇರಿ ಕಳಿಸಿದ ಹೊಳಪು ಕಾಗದದ ಪುಸ್ತಕದಲ್ಲಿ. ಓದುತ್ತ ಓದುತ್ತ ಅವನಿಗೆ ನಗು ಬಂದಿತ್ತು.

ಮುನ್ನೂರು ವರ್ಷದ ಹಿಂದೆ ಒಸಾಕಾದಲ್ಲಿ ಹನಾಗಾವಾ ಎಂಬ ಬಟ್ಟೆ ವ್ಯಾಪಾರಿ ಗಂಟು ಹೊತ್ತು ಮನೆಮನೆಗೆ ಹೋಗುತ್ತಿದ್ದನಂತೆ. ಒಂದು ದಿನ ಕಾಲು ನೋವೋ ಜ್ಞಾನೋದಯವೋ, ಗಂಟು ಕೆಳಗಿಟ್ಟು ಅಂಗಡಿ ತೆರೆದು ಪ್ರತಿ ಬಟ್ಟೆಗೂ ಒಂದೇ ಬೆಲೆಯ ಚೀಟಿ ಕಟ್ಟಿದ. ಚೌಕಾಸಿ ಇಲ್ಲ, ಆಣೆ ಇಲ್ಲ, "ನಿಮಗೋಸ್ಕರ" ಇಲ್ಲ. ಚಿಕ್ಕಪೇಟೆಯವನಿಗೆ ಇದು ಉಪ್ಪಿಲ್ಲದ ಊಟ. ಆದರೂ ಜಪಾನಿನಲ್ಲಿ ನಡೆಯಿತು. ರೈಲು ಬಂದಾಗ ಸ್ಟೇಷನ್ನಿನ ನೆತ್ತಿಯ ಮೇಲೆ ಏಳಂತಸ್ತು ಎದ್ದಿತು. ಲಿಫ್ಟಿನಲ್ಲಿ ಕೈಗವಸು ತೊಟ್ಟು ಬಾಗುವ ಹುಡುಗಿಯರು, ಚಾವಣಿಯಲ್ಲಿ ಮಕ್ಕಳಿಗೆ ಆಟದ ರೈಲು. ಯುದ್ಧದಲ್ಲಿ ಸುಟ್ಟಿತು, ಮತ್ತೆ ಕಟ್ಟಿದರು. ಆಮೇಲೆ ಜಪಾನಿನ ಪ್ರವಾಸಿ ಹೋದಲ್ಲೆಲ್ಲ ಅವನಿಗಿಂತ ಮೊದಲೇ ಹೋಗಿ ಕಾಯುತ್ತ ನಿಂತಿತು: ಹಾಂಗ್‌ಕಾಂಗ್, ಸಿಂಗಪುರ, ಲಂಡನ್, ಎಣ್ಣೆಯ ಸುಗ್ಗಿಯಲ್ಲಿ ಬಹರೈನ್. ತೊಂಬತ್ತರ ದಶಕದಲ್ಲಿ ಜಪಾನಿನ ಹಣದುಬ್ಬರದ ಗುಳ್ಳೆ ಒಡೆದು ವ್ಯಾಪಾರ ಕುಸಿದಾಗ ಒಂದೊಂದಾಗಿ ಬಾಗಿಲೆಳೆಯಿತು. ಬಹರೈನ್ ಅಂಗಡಿಗೆ ಆ ಪುಸ್ತಕದಲ್ಲಿ ಸಿಕ್ಕಿದ್ದು ಅರ್ಧ ಸಾಲು. ಅವನ ಕಣ್ಣು ಅದನ್ನು ಹಾರಿಸಿಕೊಂಡು ಹೋಗಿತ್ತು. ಈಗ ಊರಿನಲ್ಲಿ ಮಕ್ಕಳು ಹುಟ್ಟುವುದು ಕಡಿಮೆಯಾಗಿ, ಕೊಳ್ಳುವವರು ಮುದುಕರಾಗಿ, ಮುನ್ನೂರು ವರ್ಷದ ಕಂಪನಿ ಮತ್ತೆ ಗಂಟು ಹೊತ್ತು ಹೊರಟಿತ್ತು. ಈ ಸಲ ದಕ್ಷಿಣಕ್ಕೆ, ಏಳಂತಸ್ತಿನ ಬದಲು ಮಾಲ್‌ನೊಳಗೆ ಅರ್ಧ ಅಂತಸ್ತು. ಮೊದಲು ಪರ್ತ್, ಮರುವರ್ಷ ಬ್ರಿಸ್ಬೇನ್ ಕಡೆಯ ನಾರ್ತ್ ಲೇಕ್ಸ್, ಅದರ ಮರುವರ್ಷ ಅಡಿಲೇಡ್.

ಪುಸ್ತಕದ ಆ ಅರ್ಧ ಸಾಲಿನೊಳಗೆ ವಯೊಲೆಟ್‌ಳ ಎಂಟು ವರ್ಷ ಇತ್ತು.

ಶಂಕರಪುರದಲ್ಲಿ ಆಕೆಯ ತಾಯಿ ಮಲ್ಲಿಗೆ ಬೆಳೆಯುತ್ತಿದ್ದಳು. ಬೆಳಗಿನ ಬಸ್ಸು ಬರುವುದರೊಳಗೆ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು. ಮೊಗ್ಗು ನಲುಗಬಾರದು, ಗಂಟು ಕಾಣಬಾರದು. ಆ ಬೆರಳುಗಳನ್ನೇ ಹಿಡಿದುಕೊಂಡು ಹುಡುಗಿ ಬಹರೈನಿಗೆ ಹೋಗಿ ಒಂದು ಬೇಕರಿಯಲ್ಲಿ ಕೇಕಿನ ಡಬ್ಬಿ ಕಟ್ಟುತ್ತಿದ್ದಳು. 1983ರಲ್ಲಿ ಹನಾಗಾವಾ ತೆರೆದಾಗ ಒಸಾಕಾದಿಂದ ಹಿದೆಕೊ ಎಂಬ ಹೆಂಗಸು ಕಟ್ಟುವುದನ್ನು ಕಲಿಸಲು ಬಂದಿದ್ದಳು. ಕೇಕು ಕೊಳ್ಳಲು ಬೇಕರಿಗೆ ಬಂದವಳು ಕೇಕನ್ನು ಮರೆತು ಈ ಹುಡುಗಿಯ ಕೈ ನೋಡುತ್ತ ನಿಂತುಬಿಟ್ಟಳು. ಮರುವಾರ ವಯೊಲೆಟ್ ಉಡುಗೊರೆ ಸುತ್ತುವ ಕೌಂಟರಿನಲ್ಲಿದ್ದಳು. ಹಡಗು ರಿಪೇರಿಯ ಜೂಲಿಯನ್ ತನ್ನ ತಾಯಿಗೆ ಶಾಲು ಕೊಂಡು ಸುತ್ತಿಸಲು ಬಂದದ್ದು ಅದೇ ಕೌಂಟರಿಗೆ. ಮುಂದೆ ಎರಡು ತಿಂಗಳು, ಕೊಡಲು ಯಾರೂ ಇಲ್ಲದಿದ್ದರೂ, ಅವನು ಕರವಸ್ತ್ರ ಕೊಂಡು ಸುತ್ತಿಸುತ್ತಲೇ ಇದ್ದ.

ಅಂಗಡಿ ಮುಚ್ಚಿತು. ಮದುವೆ, ಮಕ್ಕಳು, ಆಮೇಲೆ ಜೂಲಿಯನ್‌ನ ಮೆಕ್ಯಾನಿಕ್ ಕೆಲಸದ ವೀಸಾದ ಮೇಲೆ ಪರ್ತ್. ಹತ್ತು ವರ್ಷ ವಯೊಲೆಟ್ ಒಂದು ಲಾಂಡ್ರಿಯಲ್ಲಿ ಹೋಟೆಲುಗಳ ಟವಲು ಮಡಚಿದಳು. ಪ್ರತಿ ಕ್ರಿಸ್ಮಸ್‌ಗೂ ಒಸಾಕಾಕ್ಕೆ ಹಿದೆಕೊಗೆ ಒಂದು ಕಾರ್ಡು ಹಾಕುತ್ತಿದ್ದಳು. ಹನಾಗಾವಾ ಪರ್ತ್‌ಗೆ ಬರುತ್ತದೆ ಎಂಬ ಸುದ್ದಿಯನ್ನು ಓದಿದ ದಿನ ಜೂಲಿಯನ್ ಅಂದನಂತೆ, "ನೋಡು, ಹುಡುಕಿಕೊಂಡು ಬಂತು ನಿನ್ನನ್ನು."

ಮಾರ್ಚಿನಲ್ಲಿ ತರಬೇತಿ ಶುರುವಾಯಿತು. ತಪ್ಪು ಹುಟ್ಟಿದ್ದು ಅಲ್ಲೇ.

ಸುತ್ತಿದ ಪೆಟ್ಟಿಗೆಯ ಬೆನ್ನಿನಲ್ಲಿ ಕಾಗದದ ಎರಡು ಅಂಚುಗಳು ಬಂದು ಕೂಡುತ್ತವೆ. ಜಪಾನಿನಲ್ಲಿ ಇದು ಸುಮ್ಮನೆ ಅಂಚಲ್ಲ. ನೋಡುವವರ ಬಲಗಡೆಯ ಅಂಚು ಮೇಲೆ ಬಂದರೆ ಶುಭ: ಮದುವೆ, ಮಗು, ಹೊಸ ಮನೆ. ಎಡಗಡೆಯದು ಮೇಲೆ ಬಂದರೆ ಸಾವಿನ ಮನೆಗೆ ಕೊಡುವ ವಸ್ತು. ಕೈಪಿಡಿಯಲ್ಲಿ ಒಂದೇ ಸಾಲು ಇತ್ತು: ಶುಭಕ್ಕೆ ಬಲ, ಅಶುಭಕ್ಕೆ ಎಡ.

ರಾಜಗೋಪಾಲನಿಗೆ ಈ ಸಾಲು ಗಂಟಲಿಗೆ ಸಿಕ್ಕಿಕೊಂಡಿತು. ಅದಕ್ಕೆ ಹತ್ತು ದಿನದ ಹಿಂದಷ್ಟೇ ಅವನು ತಂದೆಯ ಶ್ರಾದ್ಧ ಮಾಡಿದ್ದ. ವಾರವಿಡೀ ಗಣಿ ಕಂಪನಿಯ ಎಂಜಿನಿಯರ್, ವಾರಾಂತ್ಯಕ್ಕೆ ಪುರೋಹಿತ ಆಗಿದ್ದ ಬಾಲಸುಬ್ರಹ್ಮಣ್ಯ ಗಳಿಗೆಗೊಮ್ಮೆ "ಸವ್ಯ", "ಅಪಸವ್ಯ" ಎನ್ನುತ್ತ ಜನಿವಾರವನ್ನು ಆಚೀಚೆ ಹಾಕಿಸಿದ್ದ. ಎಡ ಹೆಗಲ ಮೇಲಿದ್ದರೆ ದೇವರಿಗೆ, ಬಲ ಹೆಗಲಿಗೆ ಬಂದರೆ ಪಿತೃಗಳಿಗೆ. ಸೀರೆಯ ಸೆರಗು ಬೀಳುವುದೂ ಎಡ ಹೆಗಲ ಮೇಲೆ; ಮೂರು ತಲೆಮಾರು ಗೊಂಬೆಗಳಿಗೆ ಹಾಗೆಯೇ ಉಡಿಸಿದ್ದಾರೆ. ಹೀಗಿರುವಾಗ ಶುಭಕ್ಕೆ ಬಲ ಹೇಗಾದೀತು? ಅಚ್ಚಿನ ತಪ್ಪು. ಅವನು ಪೆನ್ನು ತೆಗೆದು ಬಲ ಇದ್ದಲ್ಲಿ ಎಡ, ಎಡ ಇದ್ದಲ್ಲಿ ಬಲ ಎಂದು ತಿದ್ದಿದ. ಮನಸ್ಸಿಗೆ ಇನ್ನಷ್ಟು ಧೈರ್ಯಕ್ಕೆ ಕಂಪನಿಯ ಪುಸ್ತಕದಲ್ಲಿ ಮದುಮಗಳ ಫೋಟೋ ಸಿಕ್ಕಿತು. ಕಿಮೋನೋದ ಎಡಸೆರಗು ಬಲದ್ದರ ಮೇಲೆ.

"ಸರ್, ಇದು ಸರಿ ಇತ್ತು," ಎಂದಳು ವಯೊಲೆಟ್ ತಿದ್ದಿದ ಪುಟ ನೋಡಿ. "ಬಲವೇ ಮೇಲೆ ಬರುದು."

"ಈ ಫೋಟೋ ನೋಡಿ. ಮದುಮಗಳು. ಯಾವ ಕಡೆ ಮೇಲಿದೆ?"

ವಯೊಲೆಟ್ ನೋಡಿದಳು. "ಅದು ಅವಳ ಎಡ ಸರ್. ನೋಡುವವರಿಗೆ ಅದೇ ಬಲ ಅಲ್ವಾ. ನೀವು ಅವಳ ಎದುರು ನಿಂತಿದ್ದೀರಿ."

ಇಷ್ಟು ಸರಳ ಮಾತು. ಯಾವ ಬಟ್ಟೆ ಅಂಗಡಿಯ ಕನ್ನಡಿಯ ಮುಂದೆ ನಿಂತ ಗಿರಾಕಿಗೂ ಇದು ತಿಳಿಯುತ್ತದೆ. ಆದರೆ ಹೊಸದಾಗಿ ಸೇರಿದ ನಾಲ್ವರು ಹುಡುಗಿಯರು ನೋಡುತ್ತಿದ್ದರು, ಮ್ಯಾನೇಜರಿನ ಪೆನ್ನಿನ ಶಾಯಿ ಇನ್ನೂ ಒಣಗಿರಲಿಲ್ಲ.

"ನೋಡಿ ವಯೊಲೆಟ್," ಎಂದ ರಾಜಗೋಪಾಲ, ನಗುತ್ತಲೇ. "ಈ ಎಡ-ಬಲದ್ ವಿಷ್ಯ ನಮ್ಗೆ ಹುಟ್ತಾನೇ ಬಂದಿರುತ್ತೆ. ನಿಮ್ಮಲ್ಲಿ ಜನಿವಾರ ಇಲ್ಲ, ನಿಮ್ಗೆ ಇದು ಗೊತ್ತಾಗಲ್ಲ ಬಿಡಿ."

ವಯೊಲೆಟ್ ಅವನ ಮುಖವನ್ನೊಮ್ಮೆ ನೋಡಿದಳು. "ಆಗ್ಲಿ ಸರ್. ಅಂಗಡಿ ನಿಮ್ಮದು," ಎಂದಳು.

ಮೂವತ್ತು ವರ್ಷದ ಕೈಯನ್ನು ತಿರುಗಿಸುವುದು ಸುಲಭವಲ್ಲ. ವಿಲೆಟನ್‌ನ ಮನೆಯ ಊಟದ ಮೇಜಿನ ಮೇಲೆ ಆಕೆ ಹಳೆಯ ಪತ್ರಿಕೆ ಹರಡಿಕೊಂಡು ಬಿಸ್ಕತ್ತಿನ ಡಬ್ಬಿಯನ್ನು ಎಡದಿಂದ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಒಂದು ವಾರ ಹದಿನೆಂಟು ಸೆಕೆಂಡು ನಲವತ್ತಾಯಿತು. ತಿಂಗಳ ಕೊನೆಗೆ ಮತ್ತೆ ಹದಿನೆಂಟಕ್ಕೆ ಬಂತು. ಇದೂ ಒಂದು ಬಗೆಯ ನಿಷ್ಠೆಯೇ. ತಪ್ಪು ಎಂದು ಗೊತ್ತಿರುವುದನ್ನು ಇಷ್ಟು ಚೆನ್ನಾಗಿ ಮಾಡುವವರನ್ನು ರಾಜಗೋಪಾಲ ಆಮೇಲೆ ಎಲ್ಲೂ ಕಾಣಲಿಲ್ಲ.

ಯಾರೂ ಕೇಳಲಿಲ್ಲ. ಆಸ್ಟ್ರೇಲಿಯಾದವರು ಕಾಗದ ನೋಡುವುದಿಲ್ಲ, ಹರಿಯುತ್ತಾರೆ. ಗಮನಿಸಿದ ಜಪಾನಿಯರೂ ಒಬ್ಬಿಬ್ಬರು ಇದ್ದಿರಬೇಕು. ಅವರು ಬಾಯಿ ಬಿಟ್ಟು ಹೇಳುವ ಜನವಲ್ಲ. ಕ್ರಿಸ್ಮಸ್ ಬಂದಾಗ ವಯೊಲೆಟ್‌ಳ ಕೌಂಟರಿನ ಮುಂದಿನ ಸಾಲು ಪಕ್ಕದ ಅಂಗಡಿಯ ಬಾಗಿಲು ಮುಚ್ಚುವಷ್ಟು ಬೆಳೆಯಿತು. ಪ್ರಧಾನ ಕಚೇರಿಯ ತಕೆಮುರಾ ಇ-ಮೇಲ್ ಬರೆದು ಹೊಗಳಿದರು. ರಾಜಗೋಪಾಲ ಮೂರೂ ಊರಿನ ಅಂಗಡಿಗಳ ಮುಖ್ಯಸ್ಥನಾದ. ವಯೊಲೆಟ್ ಮೂರೂ ಊರಿಗೆ ಸುತ್ತುವುದನ್ನು ಕಲಿಸುವವಳಾದಳು. 2015ರಲ್ಲಿ ನಾರ್ತ್ ಲೇಕ್ಸ್‌ಗೆ ಹೋಗಿ ಉಷಾ ಎಂಬ ಮೈಸೂರಿನ ಹೆಂಗಸಿನ ಕೈಕೆಳಗಿನ ಏಳು ಜನರಿಗೆ ಕಲಿಸಿದಳು. ಮರುವರ್ಷ ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಇನ್ನೂ ಒಂಬತ್ತು ಜನರಿಗೆ ಕಲಿಸಿದಳು. ಲಾಂಡ್ರಿಯಲ್ಲಿ ಹತ್ತು ವರ್ಷ ಯಾರೂ ಹೆಸರು ಕೇಳದವಳನ್ನು ಈಗ ಇಪ್ಪತ್ತು ಜನ "ವಯೊಲೆಟ್ ಆಂಟಿ" ಎಂದು ಕರೆಯುತ್ತಿದ್ದರು. ಕಳೆದುಕೊಳ್ಳುವಂಥದ್ದು ಆಕೆಗೆ ಇದ್ದದ್ದು ಇದೊಂದೇ.

ಅಡಿಲೇಡಿನ ಉದ್ಘಾಟನೆ 2016ರ ಅಕ್ಟೋಬರಿನಲ್ಲಿ, ನಗರದ ನಡುವೆ. ಪರ್ತ್ ಮತ್ತು ಬ್ರಿಸ್ಬೇನಿನಲ್ಲಿ ಬಂದಿದ್ದವರು ಕೌನ್ಸಿಲಿನವರು, ಮಾಲ್‌ನವರು. ಇಲ್ಲಿ ತಕೆಮುರಾ ತಾವೇ ಬಂದಿದ್ದರು, ಊರಿನ ಹಿರಿಯ ಜಪಾನಿ ಕುಟುಂಬಗಳನ್ನು ಕರೆದಿದ್ದರು. ಎಂಬತ್ತು ಅತಿಥಿಗಳು. ಒಬ್ಬೊಬ್ಬರಿಗೂ ಒಂದು ಪಿಂಗಾಣಿ ಬಟ್ಟಲು, ಕಂಪನಿಯ ನೀಲಿ ಕಾಗದದಲ್ಲಿ, ವಯೊಲೆಟ್ ಮತ್ತವಳ ಒಂಬತ್ತು ಶಿಷ್ಯೆಯರು ಸುತ್ತಿದ್ದು. ಬಾಗಿಲು ತೆರೆಯಿತು, ಸಿಬ್ಬಂದಿ ಎರಡು ಸಾಲಾಗಿ ನಿಂತು ಬಾಗಿದರು, ಡಬ್ಬಿಗಳು ಕೈಯಿಂದ ಕೈಗೆ ಹೋದವು.

ಮೊದಲು ಒಬ್ಬರ ನಗು ನಿಂತಿತು. ಆಮೇಲೆ ಪಕ್ಕದವರದು. ಬಿಳಿಕೂದಲಿನ ಒಬ್ಬ ಅಜ್ಜಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಾಜಗೋಪಾಲನ ಹತ್ತಿರ ಬಂದು, ತೀರಾ ಮೆತ್ತಗಿನ ಇಂಗ್ಲಿಷಿನಲ್ಲಿ ಕೇಳಿದಳು: "ನಿಮ್ಮಲ್ಲಿ ಯಾರು ತೀರಿಕೊಂಡರು?"

ಅವನಿಗೆ ಅರ್ಥವಾಗಲಿಲ್ಲ. ತಕೆಮುರಾಗೆ ಆಯಿತು. ಡಬ್ಬಿಯನ್ನು ತಿರುಗಿಸಿ ಬೆನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮತ್ತೊಂದನ್ನು. ಆಮೇಲೆ ಅರವತ್ತೈದು ವರ್ಷದ ಆ ಮನುಷ್ಯ ಅತಿಥಿಗಳ ಮುಂದೆ ಒಬ್ಬೊಬ್ಬರಾಗಿ ಹೋಗಿ ಸೊಂಟ ಮುರಿದು ಬಾಗಿದರು. ಎಂಬತ್ತು ಸಲ. ಅಷ್ಟು ಹೊತ್ತೂ ರಾಜಗೋಪಾಲ ಕೈಕಟ್ಟಿ ನಿಂತು ಆ ಬೆನ್ನನ್ನು ನೋಡಿದ. ಮದುಮಗಳ ಫೋಟೋ, ಅವಳೆದುರು ನಿಂತ ತಾನು, ವಯೊಲೆಟ್ ಆಡಿದ ಮಾತು, ಎಲ್ಲ ಒಟ್ಟಿಗೆ ಬಂದು ಸರಿಯಾದ ಜಾಗದಲ್ಲಿ ಕೂತವು. ಎರಡೂವರೆ ವರ್ಷ ಎರಡು ಊರಿನ ಮದುವೆ, ಸೀಮಂತ, ಹುಟ್ಟುಹಬ್ಬಗಳಿಗೆ ಅವನು ತಿಥಿಯ ಉಡುಗೊರೆ ಕಳಿಸಿದ್ದ.

ಹಿಂದಿನ ಕೋಣೆಯಲ್ಲಿ ಮೂವರೇ. ತಕೆಮುರಾ ಗದರಲಿಲ್ಲ. ಬೆವರು ಒರೆಸಿಕೊಂಡು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು. "ಹೀಗೆ ಕಲಿಸಿದ್ದು ಯಾರು?"

ಪ್ರಶ್ನೆಗೆ ಎರಡು ಉತ್ತರವಿತ್ತು, ಎರಡೂ ನಿಜ. ಕೈಯಾರೆ ಕಲಿಸಿದ್ದು ವಯೊಲೆಟ್. ವ್ಯಾಪಾರಿಗೆ ಇಷ್ಟು ಸಂದು ಸಾಕು.

"ವಯೊಲೆಟ್," ಎಂದ ರಾಜಗೋಪಾಲ. "ಆಕೆ ಬಹಳ ಹಿಂದೆ ಬಹರೈನ್‌ನಲ್ಲಿ ಕಲಿತದ್ದು. ಅಲ್ಲಿಯ ರೂಢಿ ಇರಬೇಕು."

ವಯೊಲೆಟ್ ತಕೆಮುರಾ ಕಡೆ ತಿರುಗಲಿಲ್ಲ. ಇವನನ್ನೇ ನೋಡುತ್ತ, ಆ ಕೋಣೆಯಲ್ಲಿ ಮೂರನೆಯವರಿಗೆ ತಿಳಿಯದ ಕನ್ನಡದಲ್ಲಿ ಹೇಳಿದಳು, "ಸರ್, ನೀವೇ ಹೇಳಿ. ನಾನು ಹೇಳಿದ್ರೆ ಚಾಡಿ ಆಗ್ತದೆ."

ಅವನು ಅದೇ ಕನ್ನಡದಲ್ಲಿ, ಮುಖದ ಮೇಲಿನ ನಗೆಯನ್ನು ಸರಿಸದೆ, ತಕೆಮುರಾಗೆ ಏನೋ ಸಮಾಧಾನ ಹೇಳುತ್ತಿರುವ ದನಿಯಲ್ಲಿ ಅಂದ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ವಯೊಲೆಟ್. ಇವ್ರು ಹೋಗ್ಲಿ, ಆಮೇಲ್ ನೋಡ್ಕೊಳ್ಳೋಣ."

ಬೆಂಗಳೂರಿನ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರು ಕೂರಲು ಹೇಳುವ ಮಾತು. ಯಾರೂ ಅದಕ್ಕೆ ಇಲ್ಲ ಅನ್ನುವುದಿಲ್ಲ. ವಯೊಲೆಟ್ ಕೂಡ ಅನ್ನಲಿಲ್ಲ. ತಕೆಮುರಾ ಕಡೆ ತಿರುಗಿ, ಬಹರೈನ್‌ನಲ್ಲಿ ಕಲಿತ ಜಪಾನಿ ಭಾಷೆಯಲ್ಲಿ ಕ್ಷಮೆ ಕೇಳಿ, ಬಾಗಿದಳು. ಆಕೆ ಬಾಗಿದ ರೀತಿಯಲ್ಲಿ ಒಂದು ತಪ್ಪೂ ಇರಲಿಲ್ಲ.

ತಕೆಮುರಾ ಹೋದರು. ಆ "ಆಮೇಲೆ" ಮಾತ್ರ ಬರಲಿಲ್ಲ. ವಯೊಲೆಟ್‌ಳನ್ನು ಕೌಂಟರಿನಿಂದ ತೆಗೆದು ಪರ್ತ್‌ನ ದಾಸ್ತಾನು ಕೋಣೆಗೆ ಹಾಕಬೇಕೆಂದು ಒಸಾಕಾದಿಂದ ಆದೇಶ ಬಂತು. ಸಂಬಳ ಅಷ್ಟೇ, ಜನ ಮಾತ್ರ ಇಲ್ಲ. ಮೂರೂ ಅಂಗಡಿಗೆ ಒಂದು ಸುತ್ತೋಲೆ ಹೋಯಿತು: ಬಹರೈನ್ ಸುತ್ತನ್ನು ಇಂದಿನಿಂದ ನಿಲ್ಲಿಸತಕ್ಕದ್ದು. ಅಂಥದೊಂದು ಸುತ್ತು ಲೋಕದಲ್ಲಿ ಇರಲೇ ಇಲ್ಲ. ಸುತ್ತೋಲೆಗೆ ಸಹಿ ಹಾಕಿದವನು ರಾಜಗೋಪಾಲ.

ಮುಂದಿನ ತಿಂಗಳು ನಾರ್ತ್ ಲೇಕ್ಸ್‌ಗೆ ಹೋದಾಗ ಒಬ್ಬಳು ಹುಡುಗಿ ಟೀಪಾಟನ್ನು ತಪ್ಪಾಗಿ ಸುತ್ತಿದಳು. ಉಷಾ ಅದನ್ನು ಕೈಯಿಂದ ಕಿತ್ತುಕೊಂಡು, "ಏಯ್, ವಯೊಲೆಟ್ ಮಾಡ್ಬಿಟ್ಯಲ್ಲೇ!" ಎಂದಳು. ಸುತ್ತಲಿದ್ದವರು ನಕ್ಕರು.

"ಏನಂದ್ರಿ?" ಎಂದ ರಾಜಗೋಪಾಲ.

"ಅಯ್ಯೋ, ಇಲ್ಲಿ ಎಲ್ರೂ ಹಂಗೇ ಅನ್ನೋದು ಸರ್. ಅಡಿಲೇಡಲ್ಲೂ ಅಷ್ಟೇ. ಡೋಂಟ್ ಡು ಎ ವಯೊಲೆಟ್." ಉಷಾ ದನಿ ತಗ್ಗಿಸಿದಳು. "ಪಾಪ, ಆ ಆಂಟಿ ಎಷ್ಟ್ ಕಾನ್ಫಿಡೆಂಟಾಗಿ ಕಲಿಸಿದ್ರು ಗೊತ್ತಾ? ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ಬೇಕಪ್ಪ."

ರಾಜಗೋಪಾಲನೂ ನಕ್ಕ. ನಗದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ.

ಮನೆಯಲ್ಲಿ ಹೆಂಡತಿ ಪದ್ಮಾಗೆ ಹೇಳಿದ್ದ. ಹೇಳಿದಾಗ ತನ್ನ ಭಾಗವನ್ನು ಚಿಕ್ಕದಾಗಿ ಮಡಚಿ ಹೇಳಿದ್ದ, ಆದರೆ ಪದ್ಮಾ ಮಡಿಕೆ ಬಿಚ್ಚಿ ನೋಡುವವಳು. "ಅಂದ್ರೆ ಜನಿವಾರ ನಿಮ್ದು, ಅಪಸವ್ಯ ಆಗಿದ್ದು ಆಕೆಗೆ," ಎಂದಳು. "ಹೋಗಿ ಮಾತಾಡಿ. ನಾನು ಮೈಸೂರ್‌ಪಾಕ್ ಕಟ್ಕೊಡ್ತೀನಿ. ನಿಮ್ಮ ನಾಲ್ಗೆಗಿಂತ ಅದು ಮೆತ್ತಗಿದೆ."

2017ರ ಜನವರಿಯ ಒಂದು ಭಾನುವಾರದ ಮಧ್ಯಾಹ್ನ ಅವನು ವಿಲೆಟನ್‌ಗೆ ಹೋದ. ಹಿತ್ತಲಿನಲ್ಲಿ ಜೂಲಿಯನ್ ಬಾರ್ಬೆಕ್ಯೂ ಒಲೆಯ ಮೇಲೆ ಬಂಗುಡೆ ಸುಡುತ್ತಿದ್ದ. ಅವನ ಕಣ್ಣು ಮೀನಿನಿಂದ ಏಳಲಿಲ್ಲ.

"ಬನ್ನಿ ಮ್ಯಾನೇಜರ್ ಸಾಹೇಬ್ರೆ," ಎಂದ. "ಮೀನು ತಿನ್ನುದಿಲ್ಲ ನೀವು. ಆದ್ರೂ ಸ್ವಲ್ಪ ಅಡ್ಜಸ್ಟ್ ಮಾಡ್ತೀರಾ ಹೇಗೆ?"

"ಜೂಲಿಯನ್, ಸಾಕು," ಎಂದಳು ವಯೊಲೆಟ್. ಕುರ್ಚಿ ಹಾಕಿದಳು, ನಿಂಬೆ ಶರಬತ್ತು ಕೊಟ್ಟಳು, ಮೈಸೂರ್‌ಪಾಕಿನ ಡಬ್ಬಿಯನ್ನು ತೆಗೆದುಕೊಂಡಳು. ಅವನು ಮಾತಿಗೆ ಪೀಠಿಕೆ ಹುಡುಕುತ್ತಿರುವಾಗ ಆಕೆ ಒಳಗೆ ಹೋಗಿ ಒಂದು ಕಾಗದ ತಂದಳು.

"ಹಿದೆಕೊ ಟೀಚರ್ ಬರೆದದ್ದು. ಹೋದ ತಿಂಗಳು ಬಂತು. ಇಂಗ್ಲಿಷಿನಲ್ಲಿ ಉಂಟು, ಮೊಮ್ಮಗಳ ಹತ್ರ ಬರೆಸಿದ್ದಾರೆ. ಓದಿ."

ಕಂಪನಿಯ ನಿವೃತ್ತರಿಗೆ ಹೋಗುವ ಪತ್ರಿಕೆಯಲ್ಲಿ ಅಡಿಲೇಡಿನ ಸುದ್ದಿ, ಬಹರೈನ್ ಸುತ್ತಿನ ಸುದ್ದಿ ಬಂದಿತ್ತು. ಬಹರೈನ್‌ನಲ್ಲಿ ಕಲಿಸಿದವಳು ಹಿದೆಕೊ ಒಬ್ಬಳೇ. ಎಂಬತ್ತಾರು ವರ್ಷದ ಆಕೆ ಮೊಮ್ಮಗಳ ಕೈ ಹಿಡಿದುಕೊಂಡು ರೈಲು ಹತ್ತಿ ಪ್ರಧಾನ ಕಚೇರಿಗೆ ಹೋಗಿ, ತಕೆಮುರಾ ಎದುರು ಬಾಗಿ, ಶಿಷ್ಯೆಯ ತಪ್ಪು ಕಲಿಸಿದವಳ ತಪ್ಪು ಎಂದು ಕ್ಷಮೆ ಕೇಳಿ ಬಂದಿದ್ದಳು. ಅವರ ಕಸುಬಿನಲ್ಲಿ ಅದೇ ಕ್ರಮ. ತಪ್ಪು ಕೆಳಗೆ ಇಳಿಯುವುದಿಲ್ಲ, ಮೇಲಕ್ಕೆ ಹತ್ತುತ್ತದೆ. ಪತ್ರದ ಕೊನೆಯಲ್ಲಿ ಹೀಗಿತ್ತು: ನನಗೆ ವಯಸ್ಸಾಯಿತು, ಆಗ ಬಲ ಎಂದೆನೋ ಎಡ ಎಂದೆನೋ ಈಗ ನೆನಪಿಲ್ಲ. ಎಡ ಎಂದಿದ್ದರೆ ನನ್ನನ್ನು ಕ್ಷಮಿಸು.

ರಾಜಗೋಪಾಲ ಪತ್ರವನ್ನು ಎರಡು ಸಲ ಓದಿದ. ಹಾಕಿಕೊಂಡಿದ್ದ ಒಳ್ಳೆಯ ಅಂಗಿಯೊಳಗೆ ಬೆನ್ನೆಲ್ಲ ಒದ್ದೆಯಾಯಿತು.

"ನನ್ನ ಕೌಂಟರು ಹೋದದ್ದು ಹೋಯ್ತು ಸರ್," ಎಂದಳು ವಯೊಲೆಟ್. "ಕಾಲೂ ನೋಯ್ತದೆ, ದಾಸ್ತಾನಿನಲ್ಲಿ ಕೂತು ಕೆಲಸ. ಆದ್ರೆ ಟೀಚರಿಗೆ ಅವರ ಕಲಿಸಿದ್ದರ ಮೇಲೇ ಸಂಶಯ ಬಂತಲ್ಲಾ. ಅವರು ಬಲ ಅಂತಲೇ ಹೇಳಿದ್ದು. ನಂಗೆ ಮರೆಯುದುಂಟಾ? ನಾವು ಶಿಲುಬೆ ಗುರುತು ಹಾಕುವ ಕೈ ಅಂತ ನೆನಪಿಟ್ಟುಕೊಂಡದ್ದು ನಾನು. ನಾನು ಅವರಿಗೆ ಬರೆದೆ, ನೀವು ಸರಿ ಟೀಚರ್ ಅಂತ. ನಂಬುದಿಲ್ಲ. ನನ್ನನ್ನು ಕಾಪಾಡ್ಲಿಕ್ಕೆ ಹೇಳ್ತಿದ್ದೀ ಅಂತಾರೆ. ನೀವು ಕಂಪನಿಯವರು. ನೀವು ಹೇಳ್ಬೇಕು. ಮತ್ತೆ ನನ್ನ ಹುಡುಗಿಯರಿಗೂ."

"ನಾಳೇನೇ ಫೋನ್ ಮಾಡ್ತೀನಿ," ಎಂದ ರಾಜಗೋಪಾಲ. "ಹಿಂದೆ ಮುಂದೆ ಎಲ್ಲಾ ಹೇಳ್ಬಿಡ್ತೀನಿ."

ಜೂಲಿಯನ್ ಮೀನು ಮಗುಚಿ ಹಾಕಿದ.

ರಾಜಗೋಪಾಲ ನಿಜಕ್ಕೂ ಮರುದಿನವೇ ಫೋನ್ ಮಾಡಿದ. ಅಷ್ಟರ ಮಟ್ಟಿಗೆ ಅವನು ಮಾತಿನವನು. "ಅಡಿಲೇಡಿನ ವಿಷಯದಲ್ಲಿ ನಾನು ನಿಮಗೆ ಒಂದು ಹೇಳಬೇಕು," ಎಂದು ಶುರುಮಾಡಿದ. ತಕೆಮುರಾ ಬಹಳ ಮರ್ಯಾದೆಯಿಂದ ನಡುವೆ ಬಂದರು. ಹಿದೆಕೊ-ಸಾನ್ ಬಂದು ಕ್ಷಮೆ ಕೇಳಿದ್ದಾರೆ, ಕಂಪನಿ ಅದನ್ನು ಸ್ವೀಕರಿಸಿದೆ, ಆ ವಿಷಯ ಅಲ್ಲಿಗೆ ಮುಗಿಯಿತು. ಮತ್ತೆ ತೆರೆದರೆ ಅವರು ಬಾಗಿದ್ದಕ್ಕೆ ಅವಮಾನ ಎಂದರು. ಮುಂದಿನ ವರ್ಷದ ಸರಕಿನ ಬಗ್ಗೆ ಕೇಳಿದರು. ರಾಜಗೋಪಾಲ ಸರಕಿನ ಬಗ್ಗೆ ಹೇಳಿದ.

"ಹೇಳೋಕ್ ಹೋದೆ, ಅವ್ರು ಬಿಡ್ಲಿಲ್ಲ," ಎಂದು ಪದ್ಮಾ ಎದುರು ಅಂದ.

"ನಿಮ್ಮನ್ನ ಮಾತಾಡದ ಹಾಗೆ ತಡೆದವ್ರು ಇವ್ರೇ ಮೊದ್ಲು," ಎಂದಳು ಪದ್ಮಾ. "ಚಿಕ್ಕಪೇಟೆಯಲ್ಲಿ ಯಾರ ಕೈಲೂ ಆಗಿರ್ಲಿಲ್ಲ."

ವಯೊಲೆಟ್‌ಗೆ ಅವನು ಕಳಿಸಿದ್ದು ಎರಡು ಸಾಲಿನ ಮೆಸೇಜು: ಮಾತಾಡಿದ್ದೇನೆ, ಅವರು ಎಲ್ಲ ಮುಗಿಯಿತು ಎಂದಿದ್ದಾರೆ. ಎರಡು ಸಾಲೂ ಸುಳ್ಳಲ್ಲ. ಆಕೆ "ಥ್ಯಾಂಕ್ಯೂ ಸರ್" ಎಂದು ಉತ್ತರ ಬರೆದಳು. ಆ ಥ್ಯಾಂಕ್ಯೂ ಇನ್ನೂ ಅವನ ಫೋನಿನಲ್ಲಿದೆ. ಮೂರು ಫೋನು ಬದಲಾದವು, ಅಳಿಸುವ ಧೈರ್ಯವೂ ಆಗಿಲ್ಲ, ತೆರೆದು ಓದುವ ಧೈರ್ಯವೂ ಆಗಿಲ್ಲ.

ಆ ವರ್ಷದ ಕ್ರಿಸ್ಮಸ್‌ಗೆ ವಯೊಲೆಟ್ ಒಸಾಕಾಕ್ಕೆ ಹಾಕಿದ ಕಾರ್ಡಿಗೆ ಮೊಮ್ಮಗಳ ಉತ್ತರ ಬಂತು. ಹಿದೆಕೊ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದಳು. ಕೊನೆಯ ತಿಂಗಳುಗಳಲ್ಲಿ ಹಾಸಿಗೆಯ ಮೇಲೆ ಕೂತು ಕರವಸ್ತ್ರವನ್ನು ಹಿಡಿದು ಬಲ ಮೇಲೆ, ಎಡ ಮೇಲೆ ಮಾಡಿ ನೋಡುತ್ತಿದ್ದಳಂತೆ. ಇದನ್ನು ವಯೊಲೆಟ್ ದಾಸ್ತಾನು ಕೋಣೆಯ ಬಾಗಿಲಿನಲ್ಲಿ ನಿಂತು ರಾಜಗೋಪಾಲನಿಗೆ ಹೇಳಿದಳು. ಆರೋಪದ ದನಿಯಿರಲಿಲ್ಲ. "ನಿಮಗೆ ಗೊತ್ತಿರ್ಲಿ ಅಂತ ಹೇಳಿದೆ," ಎಂದು ಒಳಗೆ ಹೋದಳು. ಅವನು ಬಾಗಿಲಲ್ಲೇ ಉಳಿದ. ಹಿಂದಿನಿಂದ ಯಾರೋ ಟ್ರಾಲಿ ತಳ್ಳಿಕೊಂಡು ಬಂದು ಎಕ್ಸ್‌ಕ್ಯೂಸ್ ಮಿ ಎಂದಾಗ ಪಕ್ಕಕ್ಕೆ ಸರಿದ.

2019ರ ಆಗಸ್ಟಿನಲ್ಲಿ ಹನಾಗಾವಾ ಆಸ್ಟ್ರೇಲಿಯಾದಿಂದ ಗಂಟು ಕಟ್ಟಿತು. ಕಾರಣ ಸುತ್ತಲ್ಲ, ಬಾಡಿಗೆ, ಆನ್‌ಲೈನು. ಕೊನೆಯ ದಿನ ಮೂರೂ ಅಂಗಡಿಯ ಸಿಬ್ಬಂದಿ ವಿಡಿಯೋ ಕರೆಯ ಪರದೆಯ ಮೇಲೆ ಒಟ್ಟಾದರು: ಪರ್ತ್‌ನಲ್ಲಿ ಹತ್ತೊಂಬತ್ತು ಜನ ಎದುರಿಗೇ, ನಾರ್ತ್ ಲೇಕ್ಸ್‌ನಿಂದ ಉಷಾ ಮತ್ತವಳ ಹುಡುಗಿಯರು, ಅಡಿಲೇಡಿನವರು. ಪರ್ತ್‌ನವರ ಸಾಲಿನ ತುದಿಯಲ್ಲಿ ವಯೊಲೆಟ್ ನಿಂತಿದ್ದಳು, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ. ಇನ್ನು ಅವನಿಗೆ ಮೇಲಿನವರಿಲ್ಲ, ಬಡ್ತಿಯಿಲ್ಲ, ಹೆದರಲು ಏನೂ ಇಲ್ಲ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದ.

ಅವನು ಒಸಾಕಾದಿಂದ ಶುರುಮಾಡಿದ. ಮುನ್ನೂರು ವರ್ಷ, ಒಂದೇ ಬೆಲೆ, ಏಳಂತಸ್ತು, ಹಾಂಗ್‌ಕಾಂಗ್, ಸಿಂಗಪುರ. ಬಹರೈನ್ ಎಂಬ ಹೆಸರು ಬಂತು. ಆ ಹೆಸರು ಕೇಳಿದ್ದೇ ಪರದೆಯಲ್ಲಿ ಅಡಿಲೇಡಿನ ಇಬ್ಬರು ಒಬ್ಬರನ್ನೊಬ್ಬರು ನೋಡಿ ಕಿಸಕ್ಕನೆ ನಕ್ಕರು. ವಯೊಲೆಟ್ ನೆಲ ನೋಡಿದಳು. ಇದೇ ಗಳಿಗೆ. ಅವನು ಬಾಯಿ ತೆರೆದ. "ಬಹರೈನ್‌ನಿಂದ ನಮಗೆ ಒಬ್ಬ ಹಿರಿಯ ಸಹೋದ್ಯೋಗಿ ಸಿಕ್ಕರು," ಎಂದ, "ಅವರ ಸೇವೆಗೆ ಒಂದು ಚಪ್ಪಾಳೆ." ಚಪ್ಪಾಳೆ ಬಿತ್ತು. ಜನ ಒಳ್ಳೆಯವರು, ತಪ್ಪು ಮಾಡಿದ ಮುದುಕಿಗೂ ತಟ್ಟಿದರು. ವಯೊಲೆಟ್ ಅವನ ಕಡೆ ನೋಡಿ ತಲೆಯಾಡಿಸಿದಳು, ಗಿರಾಕಿಗೆ ಡಬ್ಬಿ ಕೊಟ್ಟು ಕಳಿಸುವಾಗ ಮಾಡುವಂತೆ. ಮಾಲ್‌ನ ಹೊರಗೆ ಜೂಲಿಯನ್ ಕಾರು ನಿಲ್ಲಿಸಿಕೊಂಡಿದ್ದ. ಆಕೆ ಹೋದಳು.

ಕಾಗದವನ್ನು ಎಡದಿಂದ ಸುತ್ತಲು ಹೇಳಿದ್ದು ರಾಜಗೋಪಾಲ. ವಯೊಲೆಟ್ ಮಸ್ಕರೇನ್ಹಸ್ ಮೊದಲ ದಿನವೇ ಸರಿಯಾದದ್ದನ್ನು ಹೇಳಿದ್ದಳು, ಹಿದೆಕೊ ಆಕೆಗೆ ಸರಿಯಾದದ್ದನ್ನೇ ಕಲಿಸಿದ್ದಳು. ಈ ಎರಡು ಮಾತನ್ನು ಪರ್ತ್, ಬ್ರಿಸ್ಬೇನ್, ಅಡಿಲೇಡಿನ ಆ ಜನರೆದುರು, ವಯೊಲೆಟ್ ಅಲ್ಲಿ ಇರುವಾಗಲೇ, ತನ್ನ ಬಾಯಿಂದ ಹೇಳುವುದನ್ನು ಅವನು ಆಕೆಗೆ ಕೊಡಬೇಕಾಗಿದೆ. ಇನ್ನೂ ಕೊಟ್ಟಿಲ್ಲ.